ಮೊಬೈಲಿನ ರೇಡಿಯೋ ಉಳಿಯಬೇಕಾದರೆ ಸಂಸದರಿಗೊಂದು ಕಾಗದ ಬರೆಯೋಣ

ಆಲೆಟ್ಟಿಯಲ್ಲಿ ನಮ್ಮ ನೆರೆಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಬೆಳಗ್ಗೆ ಚಾ ಕುಡಿಯುವಾಗ ವಾರ್ತೆ, ಊಟದ ನಂತರ ಹಾಡು, ರಾತ್ರಿ ಇದ್ದರೆ ತಾಳಮದ್ದಳೆ. ಹಳೆಯ ರೇಡಿಯೋ ಪೆಟ್ಟಿಗೆ ಗೊರಗೊರ ಸದ್ದು ಮಾಡಲು ಶುರು ಮಾಡಿದ ಮೇಲೆ ಮೊಮ್ಮಗ ಅವರ ಮೊಬೈಲಿಗೆ ಆಕಾಶವಾಣಿಯ ಆ್ಯಪ್ ಹಾಕಿಕೊಟ್ಟ. ಮಂಗಳೂರು ಕೇಂದ್ರದ ಹೆಸರಿನ ಮೇಲೆ ಬೆರಳಿಟ್ಟರೆ ಸಾಕು, ಧ್ವನಿ ಸ್ವಚ್ಛವಾಗಿ ಬರುತ್ತದೆ. ಅಜ್ಜ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಅಡಿಕೆ ಸುಲಿಯುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ವಾರ ಗಾಳಿಮಳೆ ಜೋರಿತ್ತು. ಮರ ಬಿದ್ದು ಕರೆಂಟ್ ಹೋಯಿತು. ಅದರ ಹಿಂದೆಯೇ ಟವರೂ ಹೋಯಿತು. ಮೂರನೇ ದಿನ ಅಜ್ಜ ನಮ್ಮನ್ನು ಕರೆದು ಕೇಳಿದರು: "ಮಗಾ, ಆಕಾಶವಾಣಿ ಮುಚ್ಚಿದ್ರಾ?"

ಇಲ್ಲ ಅಜ್ಜ, ಟವರಿಗೆ ಕರೆಂಟ್ ಇಲ್ಲ ಅಷ್ಟೆ ಎಂದೆವು. ಅವರಿಗೆ ಸಮಾಧಾನವಾಯಿತು. ನಮಗೆ ಆಗಲಿಲ್ಲ. ಒಂದು ದಿನ ನಿಜವಾಗಿಯೂ ನಿಂತರೆ ಯಾರನ್ನು ಕೇಳುವುದು? ಅಂತರ್ಜಾಲದ ರೇಡಿಯೋ ನಿಂತು ಹೋದರೆ ಬೀಗ ಹಾಕಿದ ಕಟ್ಟಡ ಕಾಣುವುದಿಲ್ಲ, ಕಿತ್ತ ಕಂಬ ಕಾಣುವುದಿಲ್ಲ. ಗುಂಡಿ ಒತ್ತಿದರೆ ಸುತ್ತುವ ಚಕ್ರ ಮಾತ್ರ ಕಾಣುತ್ತದೆ. ನಾವು ನಮ್ಮ ನೆಟ್‌ವರ್ಕೇ ಸರಿಯಿಲ್ಲ ಎಂದು ಬೈದುಕೊಂಡು ಸುಮ್ಮನಾಗುತ್ತೇವೆ.

ಸುಮ್ಮನಿರುವ ಬದಲು ನಮ್ಮ ಸಂಸದರಿಗೆ ಒಂದು ಕಾಗದ ಬರೆಯಬೇಕು ಎಂದು ಹೇಳಲು ಈ ಬರಹ. ಏನು ಬರೆಯಬೇಕು, ಯಾಕೆ ಸಂಸದರಿಗೇ ಬರೆಯಬೇಕು ಎಂಬುದನ್ನೂ ಹೇಳುತ್ತೇವೆ.

ಗುಡ್ಡದ ಊರಿಗೆ ಈ ರೇಡಿಯೋ ಯಾಕೆ ಬೇಕು

ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ತುಳು ಕಾರ್ಯಕ್ರಮ, ಯಕ್ಷಗಾನ, ಕೃಷಿಯ ಮಾತು ಎಲ್ಲ ಅಲ್ಲಿಂದ ನಮ್ಮ ಅಂಗಳಕ್ಕೆ ಬಂದವು. ಆಗ ಕೇಳುತ್ತಿದ್ದದ್ದು ಮಧ್ಯಮ ತರಂಗದಲ್ಲಿ. ಅದು ನೆಲವನ್ನು ಅನುಸರಿಸಿ ದೂರ ಸಾಗುವ ಅಲೆ. ಗುಡ್ಡ ಅಡ್ಡ ಬಂದರೂ ಹೇಗೋ ದಾಟಿ ಬರುತ್ತಿತ್ತು. ಎಫ್‌ಎಂ ಹಾಗಲ್ಲ. ಅದು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ಮಂಗಳೂರಿಗೂ ಸುಳ್ಯಕ್ಕೂ ಎಂಬತ್ತು ಕಿಲೋಮೀಟರಿಗೆ ಮಿಕ್ಕಿದ ದಾರಿ, ನಡುವೆ ಎಷ್ಟು ಗುಡ್ಡ ಎಂದು ನಿಮಗೇ ಗೊತ್ತು. ಮೇಲಿನ ಮನೆಯಲ್ಲಿ ಸಿಗುವ ಕೇಂದ್ರ ಕೆಳಗಿನ ತೋಟದಲ್ಲಿ ಸಿಗುವುದಿಲ್ಲ. ಈ ನಡುವೆ ದೇಶದ ಹಲವು ಕಡೆ ಹಳೆಯ ಮಧ್ಯಮ ತರಂಗದ ಪ್ರಸಾರಕಗಳು ಒಂದೊಂದಾಗಿ ನಿಲ್ಲುತ್ತಿವೆ.

ಸಮುದಾಯ ಬಾನುಲಿ ಉಂಟಲ್ಲ ಎನ್ನಬಹುದು. ಪುತ್ತೂರಿನಲ್ಲಿ ವಿವೇಕಾನಂದ ಸಂಸ್ಥೆಯ ರೇಡಿಯೋ ಪಾಂಚಜನ್ಯ ಉಂಟು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೋ ಸಾರಂಗ್ 2009ರಿಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಹೀಗೆ ಹಲವು ಭಾಷೆಗಳಲ್ಲಿ ಮಾತಾಡುತ್ತಿದೆ. ಆದರೆ ಸಮುದಾಯ ಬಾನುಲಿಗೆ ನಿಯಮದಲ್ಲಿ ಕೊಟ್ಟಿರುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮಾತ್ರ. ಅದು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿಗೆ ಸಾಕು. ಪುತ್ತೂರಿನಿಂದ ಆಲೆಟ್ಟಿಗೆ ಅದು ಗಾಳಿಯಲ್ಲಿ ಬರುವುದಿಲ್ಲ. ಬರುವುದಾದರೆ ಅಂತರ್ಜಾಲದಲ್ಲೇ ಬರಬೇಕು.

ಇನ್ನು ನಮ್ಮ ಭಾಷೆಗಳ ಲೆಕ್ಕ ನೋಡಿ. ಆಲೆಟ್ಟಿಯ ಒಂದೇ ಬಸ್ಸಿನಲ್ಲಿ ಅರೆಭಾಷೆ, ತುಳು, ಮಲಯಾಳ, ಕನ್ನಡ ನಾಲ್ಕೂ ಕೇಳುತ್ತವೆ. ಅರೆಭಾಷೆಗೆ 2011ರಲ್ಲಿ ಸರಕಾರ ಅಕಾಡೆಮಿ ಮಾಡಿಕೊಟ್ಟಿತು. ಮಡಿಕೇರಿ ಆಕಾಶವಾಣಿಯಲ್ಲಿ ಅರೆಭಾಷೆಯ ಕಾರ್ಯಕ್ರಮ ಬರುತ್ತದೆ. ಆ ಮಡಿಕೇರಿ ಕೇಂದ್ರ ಘಟ್ಟದ ಮೇಲಿದೆ, ನಾವು ಘಟ್ಟದ ಕೆಳಗಿದ್ದೇವೆ. ಫೋನಿನಲ್ಲಿ ಮಾತ್ರ ಎರಡೂ ಒಂದೇ ದೂರ. ಗಡಿ ದಾಟಿ ಬಂದಡ್ಕದ ಕಡೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಕನ್ನಡ ವಾರ್ತೆ ಕೇಳುವುದು, ದುಬಾಯಿಯಲ್ಲಿರುವ ಹುಡುಗರು ಮಂಗಳೂರು ಕೇಂದ್ರದ ತುಳು ಹಾಡು ಕೇಳುವುದು ಇದೇ ದಾರಿಯಲ್ಲಿ. ಸುತ್ತಿನ ರಬ್ಬರ್ ತೋಟಗಳಲ್ಲಿ ಸಿಲೋನಿನಿಂದ ಬಂದು ನೆಲೆಸಿದ ತಮಿಳು ಕುಟುಂಬಗಳಿವೆ. ಬೆಳಗಿನ ಜಾವ ಟ್ಯಾಪಿಂಗ್‌ಗೆ ಹೊರಟವರ ಜೇಬಿನಲ್ಲಿ ತಮಿಳು ಹಾಡು ಕೇಳಿಸಿದರೆ ಅದೂ ಹೀಗೆ ಬಂದದ್ದೇ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಸಾಧಾರಣ ಗುಣಮಟ್ಟದ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನ ರೇಡಿಯೋ ಪ್ರಸಾರ ಒಂದು ಗಂಟೆ ಕೇಳಿದರೆ ಖರ್ಚಾಗುವುದು ಸುಮಾರು 29 ಎಂಬಿ. ಒಂದು ಜಿಬಿಯಲ್ಲಿ ಮೂವತ್ತು ಗಂಟೆಗೂ ಹೆಚ್ಚು ಕೇಳಬಹುದು. ವಿಡಿಯೋ ನೋಡಿದರೆ ಅಷ್ಟೇ ಡೇಟಾ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಬಡವರ ರೀಚಾರ್ಜಿಗೂ ತೂಗುವ ಮಾಧ್ಯಮ ಇದು. ಕೈಯಲ್ಲಿ ಕತ್ತಿ ಹಿಡಿದು ಕೆಲಸ ಮಾಡುವವನಿಗೆ ಕಣ್ಣಿನ ಮಾಧ್ಯಮ ಆಗುವುದಿಲ್ಲ. ಕಿವಿಯದ್ದೇ ಬೇಕು.

ಹಾಗಾದರೆ ಅಪಾಯ ಎಲ್ಲಿದೆ

ಮೊದಲನೆಯದು ಹಾಡಿನ ಕಾಯಿದೆ. ಇದು ಸ್ವಲ್ಪ ಒಣ ವಿಷಯ, ಆದರೂ ಓದಿ.

1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 31ಡಿ ಎಂಬ ಕಲಮು ಸೇರಿತು. ರೇಡಿಯೋ, ಟಿವಿ ಕೇಂದ್ರಗಳು ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ರಾಯಧನ ಕಟ್ಟಿದರೆ ಪ್ರಕಟವಾದ ಹಾಡನ್ನು ಹಾಕಬಹುದು. ಹಾಡಿನ ಮಾಲೀಕರು ಆಗುವುದಿಲ್ಲ ಎನ್ನುವಂತಿಲ್ಲ. ದರವನ್ನೂ ಅವರು ಬಾಯಿಗೆ ಬಂದಂತೆ ಹೇಳುವಂತಿಲ್ಲ. ಹಾಡಿದವರಿಗೆ ಹಣ ಸಿಗುತ್ತದೆ, ಕೇಳುವವರಿಗೆ ಹಾಡು ಸಿಗುತ್ತದೆ.

ಈ ಅನುಕೂಲ ಅಂತರ್ಜಾಲದ ರೇಡಿಯೋಗೂ ಸಿಗುತ್ತದೆ ಎಂದು ಕೇಂದ್ರ ಸರಕಾರದ ಇಲಾಖೆ 2016ರ ಸೆಪ್ಟೆಂಬರಿನಲ್ಲಿ ಒಂದು ಜ್ಞಾಪನ ಹೊರಡಿಸಿತ್ತು. ಆದರೆ ಟಿಪ್ಸ್ ಎಂಬ ಸಂಗೀತ ಕಂಪನಿಗೂ ವಿಂಕ್ ಎಂಬ ಹಾಡಿನ ಆ್ಯಪಿಗೂ ನಡೆದ ವ್ಯಾಜ್ಯದಲ್ಲಿ ಬಾಂಬೆ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ ಬೇರೆಯೇ ತೀರ್ಪು ಕೊಟ್ಟಿತು. 31ಡಿ ರೇಡಿಯೋ ಮತ್ತು ಟಿವಿಗೆ ಮಾತ್ರ, ಅಂತರ್ಜಾಲಕ್ಕಿಲ್ಲ, ಇಲಾಖೆಯ ಜ್ಞಾಪನಕ್ಕೆ ಕಾನೂನಿನ ಬಲ ಇಲ್ಲ ಎಂದಿತು. 2022ರ ಅಕ್ಟೋಬರಿನಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು.

ತೀರ್ಪನ್ನು ನಾವು ದೂರುವುದಿಲ್ಲ. ಕೋಟಿಗಟ್ಟಲೆ ವ್ಯವಹಾರದ ಆ್ಯಪ್ ಒಂದು ಕಡೆ, ಹಾಡಿನ ಕಂಪನಿ ಇನ್ನೊಂದು ಕಡೆ. ಕಾಯಿದೆಯಲ್ಲಿ ಏನಿದೆಯೋ ಅದನ್ನು ಕೋರ್ಟ್ ಓದಿತು. ಆದರೆ ಆನೆಗಳ ಜಗಳದಲ್ಲಿ ತುಳಿತಕ್ಕೆ ಸಿಕ್ಕಿದ್ದು ಕೆಳಗಿನ ಹುಲ್ಲು. ಊರಿನ ನಾಲ್ಕು ಮಂದಿ ಸೇರಿ ಮಾಡುವ ಪುಟ್ಟ ಆನ್‌ಲೈನ್ ರೇಡಿಯೋ ಈಗ ಒಂದೊಂದು ಹಾಡಿಗೂ ಒಂದೊಂದು ಕಂಪನಿಯ ಬಾಗಿಲು ತಟ್ಟಬೇಕು. ರಾಗ, ಸಾಹಿತ್ಯದ ಹಕ್ಕು ಒಬ್ಬರ ಬಳಿ, ಧ್ವನಿಮುದ್ರಣದ ಹಕ್ಕು ಇನ್ನೊಬ್ಬರ ಬಳಿ. ಕೊಡುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು.

ಇದು ಪುಸ್ತಕದಲ್ಲಿ ಓದಿದ ಕತೆಯಲ್ಲ. ಡಿಪ್ಲೊಮಾ ಮುಗಿಸಿದ ಕೆಲವು ವರ್ಷಗಳ ಮೇಲೆ ನಾವು ಮೂವರು ಸೇರಿ ಒಂದು ಆನ್‌ಲೈನ್ ರೇಡಿಯೋ ಮಾಡಿದ್ದೆವು. ಸ್ಟುಡಿಯೋ ಎಂದರೆ ಒಬ್ಬನ ಮನೆಯ ಅಟ್ಟ, ಗೋಡೆಗೆ ಹಳೆಯ ಕಂಬಳಿ. ಹಿರಿಯರನ್ನು ಕೂರಿಸಿ ಅರೆಭಾಷೆಯಲ್ಲಿ, ತುಳುವಿನಲ್ಲಿ ಮಾತಾಡಿಸಿದೆವು. ನಾಟಿಯ ಹಾಡು, ಬೇಟೆಯ ಕತೆ, ಮಳೆಗಾಲದ ಅಡುಗೆ. ಎರಡು ಮಾತಿನ ನಡುವೆ ಹಳೆಯ ಕನ್ನಡ ಸಿನಿಮಾ ಹಾಡು ಹಾಕಿದೆವು, ರೇಡಿಯೋ ಎಂದರೆ ಜನ ಅದನ್ನೂ ಬಯಸುತ್ತಾರಲ್ಲ. ಒಂದು ದಿನ ನೋಟಿಸ್ ಬಂತು, ಪ್ರಸಾರ ನಿಂತಿತು. ಅನುಮತಿ ಕೇಳದೆ ಹಾಡು ಹಾಕಿದ್ದು ನಮ್ಮ ತಪ್ಪೇ. ಒಪ್ಪಿಕೊಂಡು, ಹಣ ಕಟ್ಟುತ್ತೇವೆ, ಎಷ್ಟು ಎಂದು ಹೇಳಿ ಎಂದು ಹಕ್ಕುದಾರರಿಗೆ ಬರೆದೆವು. ಉತ್ತರ ಬರಲಿಲ್ಲ. ಮತ್ತೆ ಬರೆದೆವು. ಬಂದ ಉತ್ತರದಲ್ಲಿದ್ದ ಮೊತ್ತ ನಮ್ಮ ಮೂವರ ವರ್ಷದ ಸಂಪಾದನೆಗಿಂತ ಹೆಚ್ಚಿತ್ತು. ಐದನೇ ತಿಂಗಳಿಗೆ ಕಂಬಳಿ ಬಿಚ್ಚಿದೆವು.

ಆಗ ಮಾತಾಡಿದ ಹಿರಿಯರಲ್ಲಿ ಇಬ್ಬರು ಈಗ ಇಲ್ಲ. ಅವರ ಧ್ವನಿ ಒಂದು ಹಾರ್ಡ್ ಡಿಸ್ಕಿನಲ್ಲಿದೆ. ಕೇಳಿಸಲು ಜಾಗ ಇಲ್ಲ.

ಇದಕ್ಕೆ ಪರಿಹಾರ ಕಾಗದದ ಮೇಲೆ ಆಗಲೇ ಉಂಟು. ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿ 2021ರ ಜುಲೈಯಲ್ಲಿ ಕೊಟ್ಟ 161ನೇ ವರದಿಯಲ್ಲಿ 31ಡಿ ಕಲಮಿಗೆ ತಿದ್ದುಪಡಿ ತಂದು ಅಂತರ್ಜಾಲ ಪ್ರಸಾರಕರನ್ನೂ ಸೇರಿಸಬೇಕು ಎಂದು ಶಿಫಾರಸು ಮಾಡಿದೆ. ಕಲಮು ಇನ್ನೂ ಹಾಗೆಯೇ ಉಂಟು. ಸಮಿತಿಯ ವರದಿ ಕಪಾಟಿನಲ್ಲಿದ್ದರೆ ಅದನ್ನು ಹೊರಗೆ ತೆಗೆಸುವ ಕೆಲಸ ಯಾರದು? ಸಂಸದರದು. ಅವರಿಗೆ ನೆನಪಿಸುವ ಕೆಲಸ ನಮ್ಮದು.

ಎರಡನೆಯದು ಬರಲಿರುವ ಪ್ರಸಾರ ಕಾನೂನು. ಪ್ರಸಾರ ಸೇವೆಗಳ ಮಸೂದೆಯ ಕರಡನ್ನು ಕೇಂದ್ರ ಸರಕಾರ 2023ರ ನವೆಂಬರ್ 10ರಂದು ಹೊರಗಿಟ್ಟಿತು. ಟಿವಿ, ರೇಡಿಯೋ, ಅಂತರ್ಜಾಲದ ಪ್ರಸಾರ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತರುವ ಯೋಚನೆ ಅದು. 2024ರ ಆಗಸ್ಟಿನಲ್ಲಿ, ಇನ್ನಷ್ಟು ಸಮಾಲೋಚನೆ ಮಾಡಿ ಹೊಸ ಕರಡು ತರುತ್ತೇವೆ ಎಂದು ಸಚಿವಾಲಯ ಹೇಳಿತು. ಕಾನೂನು ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ನೂರು ಕೋಟಿಯ ಕಂಪನಿಗೂ, ಅಟ್ಟದಲ್ಲಿ ಕಂಬಳಿ ಕಟ್ಟಿದವರಿಗೂ ಒಂದೇ ನೋಂದಣಿ, ಒಂದೇ ಸಮಿತಿ, ಒಂದೇ ದಂಡ ಎಂದರೆ ಬಾಗಿಲು ಮುಚ್ಚುವುದು ಯಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಕರಡು ಬರುವ ಮೊದಲೇ ಸಣ್ಣವರ ಮಾತು ಅಲ್ಲಿಗೆ ಮುಟ್ಟಬೇಕು.

ಮೂರನೆಯದು ಆಕಾಶವಾಣಿಯೇ. ಆಕಾಶವಾಣಿಯ 240ಕ್ಕೂ ಹೆಚ್ಚು ಸೇವೆಗಳು ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ನೇರ ಕೇಳಲು ಸಿಗುತ್ತವೆ. ಇದು ಒಳ್ಳೆಯ ಕೆಲಸ. ಆದರೆ ಮಂಗಳೂರು, ಮಡಿಕೇರಿಯಂಥ ಕೇಂದ್ರದಲ್ಲಿ ಸ್ಥಳೀಯ ಕಾರ್ಯಕ್ರಮದ ಹೊತ್ತು ಕಡಿಮೆಯಾಗಿ ಬೇರೆ ಊರಿನ ಕಾರ್ಯಕ್ರಮವೇ ಹೆಚ್ಚು ಬಂದರೆ ಆ್ಯಪಿನಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಮಂಗಳೂರಿನ ಗುಂಡಿ ಒತ್ತಿದರೆ ಮಂಗಳೂರಿನ ಮಾತು ಕೇಳಬೇಕು. 2019ರ ಜನವರಿಯಲ್ಲಿ ಆಕಾಶವಾಣಿಯ ರಾಷ್ಟ್ರೀಯ ಚಾನೆಲ್ ನಿಂತದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಾಯಿತು? 2021ರ ಜನವರಿಯಲ್ಲಿ ಮಾತ್ರ ಹಾಗಾಗಲಿಲ್ಲ. ಕೇಂದ್ರಗಳನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಹರಡಿ ಕೇಳುಗರು ದನಿ ಎತ್ತಿದಾಗ, ಯಾವ ರಾಜ್ಯದಲ್ಲೂ ಯಾವ ಕೇಂದ್ರವನ್ನೂ ಮುಚ್ಚುತ್ತಿಲ್ಲ ಎಂದು ಪ್ರಸಾರ ಭಾರತಿ ಬಹಿರಂಗವಾಗಿ ಹೇಳಬೇಕಾಯಿತು. ಆ ಮಾತು ಈಗ ನಮ್ಮ ಕೈಯಲ್ಲಿರುವ ಚೀಟಿ. ಅದನ್ನು ಆಗಾಗ ತೋರಿಸುತ್ತಿರಬೇಕು.

ನಾಲ್ಕನೆಯದು ನಮ್ಮ ಟವರು. 2021ರ ಜೂನ್‌ನಲ್ಲಿ ನಮ್ಮದೇ ತಾಲೂಕಿನ ಬಳ್ಳಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ವಿದ್ಯಾರ್ಥಿನಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ, ಆ ಚಿತ್ರ ದೇಶವೆಲ್ಲ ನೋಡಿತು. ನೆಟ್‌ವರ್ಕ್ ಸಿಗದ ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಟವರ್ ನಿಲ್ಲಿಸಿದರೆ ಸಾಲದು. ಕರೆಂಟ್ ಹೋದಾಗ ಬ್ಯಾಟರಿ, ಜನರೇಟರಿಗೆ ಡೀಸೆಲ್ ಇರಬೇಕು. ಇಲ್ಲದಿದ್ದರೆ ರೇಡಿಯೋ ಅತ್ಯಂತ ಬೇಕಾದ ದಿನವೇ ಅದು ಮೌನ.

ಕಾಗದ ಬರೆದರೆ ಏನಾಗುತ್ತದೆ

ಏನೂ ಆಗುವುದಿಲ್ಲ ಎನ್ನುವವರಿಗೆ ಅಮೆರಿಕದ ಒಂದು ಸಂಗತಿ ಹೇಳಬೇಕು. 2007ರ ಮಾರ್ಚಿನಲ್ಲಿ ಅಲ್ಲಿನ ರಾಯಧನ ಮಂಡಳಿ ಅಂತರ್ಜಾಲ ರೇಡಿಯೋಗಳು ಕಟ್ಟಬೇಕಾದ ದರವನ್ನು ಒಮ್ಮೆಲೇ ಏರಿಸಿತು. ಒಂದು ಹಾಡನ್ನು ಒಬ್ಬ ಕೇಳಿದರೆ ಇಷ್ಟು ಎಂಬ ಲೆಕ್ಕ. ಅದರ ಮೇಲೆ ಪ್ರತಿ ಚಾನೆಲ್ಲಿಗೆ ವರ್ಷಕ್ಕೆ ಕನಿಷ್ಠ 500 ಡಾಲರ್. ಕೇಳುಗರು ಹೆಚ್ಚಾದಷ್ಟೂ ಸಣ್ಣ ಕೇಂದ್ರ ಮುಳುಗುವ ಸ್ಥಿತಿ. ಆ ವರ್ಷದ ಜೂನ್ 26ರಂದು ಸಾವಿರಾರು ಆನ್‌ಲೈನ್ ಕೇಂದ್ರಗಳು ಒಂದು ದಿನ ಮೌನ ಆಚರಿಸಿದವು. ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ ಎಂದು ಕೇಳುಗರನ್ನು ಕೇಳಿಕೊಂಡವು. ಜನ ಮಾಡಿದರು. ದರ ಇಳಿಸುವ ಮಸೂದೆ ಪಾಸಾಗಲಿಲ್ಲ ನಿಜ. ಆದರೆ ಆ ಒತ್ತಡದಿಂದಲೇ, ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಳ್ಳಲು ದಾರಿ ಮಾಡುವ ಕಾಯಿದೆ 2008ರಲ್ಲಿ ಬಂತು. ಮುಂದಿನ ವರ್ಷ ಒಪ್ಪಂದವೂ ಆಯಿತು, ಸಣ್ಣ ಕೇಂದ್ರಗಳಿಗೆ ಬೇರೆ ದರ ಸಿಕ್ಕಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಒಪ್ಪಂದದ ಅವಧಿ 2015ರ ಕೊನೆಗೆ ತೀರಿತು. ಸಾವಿರಾರು ಸಣ್ಣ ರೇಡಿಯೋಗಳಿಗೆ ಆಸರೆಯಾಗಿದ್ದ ಲೈವ್365 ಎಂಬ ಸಂಸ್ಥೆ 2016ರ ಜನವರಿ ಕೊನೆಗೆ ಮುಚ್ಚಿತು. ಮತ್ತೆ ತೆರೆಯಲು ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಒಮ್ಮೆ ಗೆದ್ದರೂ ಕಾವಲು ಬಿಡುವಂತಿಲ್ಲ ಎಂಬುದು ಇದರ ಪಾಠ. ಅಡಿಕೆಗೆ ಮದ್ದು ಬಿಟ್ಟ ಹಾಗೆ, ಪ್ರತಿ ಮಳೆಗಾಲಕ್ಕೂ ಬಿಡಬೇಕು.

ನಮ್ಮ ನಾಡಿನಲ್ಲಿ ರೇಡಿಯೋ ಹುಟ್ಟಿದ್ದೇ ಒಬ್ಬ ಸಾಮಾನ್ಯ ನಾಗರಿಕನ ಮನೆಯಲ್ಲಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಕ ಇಟ್ಟು ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದಿಂದ ಇಡೀ ದೇಶಕ್ಕೆ ಹೋಯಿತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ವಾಯುತರಂಗ ಸಾರ್ವಜನಿಕರ ಸೊತ್ತು ಎಂದಿತು. ಅದರ ಮುಂದಿನ ವರ್ಷ ಬೆಂಗಳೂರಿನಲ್ಲಿ ಸೇರಿದವರು ಸಮುದಾಯ ರೇಡಿಯೋ ಬೇಕು ಎಂದು ಘೋಷಣೆ ಹೊರಡಿಸಿದರು. ಸರಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸಂಘ ಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಕೇಳಿದ್ದಕ್ಕೇ ಸಿಕ್ಕಿದ್ದು. ಹತ್ತು ವರ್ಷ ಹಿಡಿಯಿತು, ಆದರೆ ಸಿಕ್ಕಿತು.

ಯಾರಿಗೆ ಬರೆಯಬೇಕು

ಇಲ್ಲಿ ನಮ್ಮ ಜನ ತಪ್ಪುವುದು ಹೆಚ್ಚು. ಎಲ್ಲ ಮನವಿಯೂ ಮೊದಲು ಪಂಚಾಯತಿಗೆ, ಆಮೇಲೆ ಶಾಸಕರಿಗೆ. ರಸ್ತೆ, ಸೇತುವೆ, ಶಾಲೆಗೆ ಅದು ಸರಿ. ಪ್ರಸಾರ, ದೂರಸಂಪರ್ಕ, ಕೃತಿಸ್ವಾಮ್ಯ ಮೂರೂ ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿವೆ. ಸುಳ್ಯದ ಶಾಸಕಿ ಭಾಗೀರಥಿ ಮುರುಳ್ಯ ಅವರು ಬೆಂಬಲದ ಪತ್ರ ಕೊಡಬಹುದು, ಅದಕ್ಕೂ ಬೆಲೆ ಉಂಟು. ಆದರೆ ವಿಧಾನಸಭೆಯಲ್ಲಿ ಈ ಕಾಯಿದೆ ಬದಲಾಗುವುದಿಲ್ಲ. ಬರೆಯಬೇಕಾದದ್ದು ದಕ್ಷಿಣ ಕನ್ನಡದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರಿಗೆ. ರಾಜ್ಯಸಭೆಯಲ್ಲಿ ನಮ್ಮ ಜಿಲ್ಲೆಯವರೇ ಆದ ವೀರೇಂದ್ರ ಹೆಗ್ಗಡೆಯವರು ಇದ್ದಾರೆ, ಅವರಿಗೂ ಒಂದು ಪ್ರತಿ ಹೋಗಲಿ. ಗಡಿಯಾಚೆ ನೆಂಟರಿದ್ದರೆ ಅವರು ಕಾಸರಗೋಡಿನ ಸಂಸದ ರಾಜಮೋಹನ್ ಉಣ್ಣಿತ್ತಾನ್ ಅವರಿಗೆ ಬರೆಯಲಿ. ಎರಡು ರಾಜ್ಯದ, ಎರಡು ಪಕ್ಷದ ಸಂಸದರು ಒಂದೇ ಮಾತು ಎತ್ತಿದರೆ ತೂಕ ಹೆಚ್ಚು.

ಸಂಸದರ ಕೈಯಲ್ಲಿ ಏನುಂಟು? ಸಚಿವರಿಗೆ ಲಿಖಿತ ಪ್ರಶ್ನೆ ಕೇಳಬಹುದು, ಅದಕ್ಕೆ ಸರಕಾರ ಉತ್ತರ ಕೊಡಲೇಬೇಕು, ಉತ್ತರ ದಾಖಲೆಯಾಗಿ ಉಳಿಯುತ್ತದೆ. ಶೂನ್ಯವೇಳೆಯಲ್ಲಿ ಮಾತಾಡಬಹುದು. ಲೋಕಸಭೆಯಲ್ಲಿ ನಿಯಮ 377ರಡಿ ವಿಷಯ ಎತ್ತಬಹುದು. ಖಾಸಗಿ ಸದಸ್ಯರ ಮಸೂದೆ ತರಬಹುದು. ಟವರಿನ ವಿಷಯಕ್ಕೆ, ಕೇಂದ್ರ ಯೋಜನೆಗಳ ಪರಿಶೀಲನೆಗೆ ಜಿಲ್ಲೆಯಲ್ಲಿ ನಡೆಯುವ ದಿಶಾ ಸಭೆಗೆ ಸಂಸದರೇ ಅಧ್ಯಕ್ಷರು. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ಆದ್ದರಿಂದ ಅಧಿವೇಶನ ಶುರುವಾಗುವ ಒಂದು ತಿಂಗಳು ಮೊದಲೇ ನಿಮ್ಮ ಕಾಗದ ತಲುಪಲಿ. ಬಜೆಟ್, ಮುಂಗಾರು, ಚಳಿಗಾಲ ಎಂದು ವರ್ಷಕ್ಕೆ ಮೂರು ಅಧಿವೇಶನ, ಲೆಕ್ಕ ಸುಲಭ.

ಹೇಗೆ ಬರೆಯಬೇಕು

ಹತ್ತು ವರ್ಷ ಜನಪ್ರತಿನಿಧಿಗಳ ಕಾರ್ಯಕ್ರಮಗಳ ಹಿಂದೆ ಓಡಾಡಿದ ನಮಗೆ ಮನವಿಗಳ ಗತಿ ಗೊತ್ತು. ಹಾರದ ಜತೆ ಕೊಡುವ ಮನವಿ ಹಾರದ ಜತೆಯೇ ಕಾರಿನ ಹಿಂದಿನ ಸೀಟಿಗೆ ಹೋಗುತ್ತದೆ. "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಎಂದು ಮುಗಿಸಿದರೆ ಯಾವ ಕ್ರಮ ಎಂದು ಓದಿದವರಿಗೂ ತಿಳಿಯುವುದಿಲ್ಲ. ಇಂಥ ಮನವಿಗಳನ್ನು ನಾವೇ ಎಷ್ಟೋ ಬರೆದುಕೊಟ್ಟಿದ್ದೇವೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇವೆ.

ಒಂದೇ ಹಾಳೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಮೊದಲ ಸಾಲಿನಲ್ಲಿ ಊರು, ನೀವು ಅವರ ಕ್ಷೇತ್ರದ ಮತದಾರರು ಎಂಬುದು. ಎರಡನೆಯದಾಗಿ ನಿಮ್ಮ ಮನೆಯ ಒಂದು ನಿಜ ಸಂಗತಿ. ಮೂರನೆಯದಾಗಿ ಏನು ಕೇಳುತ್ತೀರಿ ಎಂಬುದು, ಸಂಖ್ಯೆ ಹಾಕಿ. ಕೊನೆಗೆ ಉತ್ತರ ಬೇಕು ಎಂಬ ಮಾತು, ಹೆಸರು, ವಿಳಾಸ. ಮಾದರಿ ಹೀಗಿರಬಹುದು:

"ಮಾನ್ಯರೇ, ನಾವು ಸುಳ್ಯ ತಾಲೂಕಿನ ಆಲೆಟ್ಟಿ ಗ್ರಾಮದವರು, ತಮ್ಮ ಕ್ಷೇತ್ರದ ಮತದಾರರು. ನಮ್ಮ ಮನೆಯ ಹಿರಿಯರು ಮೊಬೈಲಿನಲ್ಲಿ ರೇಡಿಯೋ ಕೇಳುತ್ತಾರೆ. ಗುಡ್ಡ ಇರುವುದರಿಂದ ಇಲ್ಲಿ ಎಫ್‌ಎಂ ಸರಿಯಾಗಿ ಸಿಗುವುದಿಲ್ಲ. ತಾವು ಈ ನಾಲ್ಕು ವಿಷಯ ಸಂಸತ್ತಿನಲ್ಲಿ ಎತ್ತಬೇಕು. 1. ಕೃತಿಸ್ವಾಮ್ಯ ಕಾಯಿದೆಯ 31ಡಿ ಕಲಮಿಗೆ ಅಂತರ್ಜಾಲ ರೇಡಿಯೋವನ್ನು ಸೇರಿಸುವ ಬಗ್ಗೆ ಸ್ಥಾಯಿ ಸಮಿತಿಯ 161ನೇ ವರದಿಯ ಶಿಫಾರಸು ಏನಾಯಿತು? ಲಾಭವಿಲ್ಲದೆ ನಡೆಸುವ ಸಣ್ಣ ಕೇಂದ್ರಗಳಿಗೆ ಕಡಿಮೆ ದರ ಇಡಬೇಕು. 2. ಹೊಸ ಪ್ರಸಾರ ಮಸೂದೆಯಲ್ಲಿ ಇಂಥ ಸಣ್ಣ ರೇಡಿಯೋಗಳನ್ನು ದೊಡ್ಡ ಕಂಪನಿಗಳ ನಿಯಮದಿಂದ ಹೊರಗಿಡಬೇಕು. 3. ಮಂಗಳೂರು, ಮಡಿಕೇರಿ ಆಕಾಶವಾಣಿಯ ತುಳು, ಅರೆಭಾಷೆ, ಯಕ್ಷಗಾನ ಕಾರ್ಯಕ್ರಮಗಳ ಹೊತ್ತು ಕಡಿಮೆಯಾಗಬಾರದು, ಆ್ಯಪಿನಲ್ಲಿ ಆ ಕೇಂದ್ರಗಳು ಪ್ರತ್ಯೇಕವಾಗಿ ಉಳಿಯಬೇಕು. 4. ನಮ್ಮೂರಿನ ಟವರಿಗೆ ಮಳೆಗಾಲದಲ್ಲಿ ಬದಲಿ ವಿದ್ಯುತ್ ಇರುವಂತೆ ದಿಶಾ ಸಭೆಯಲ್ಲಿ ಕೇಳಬೇಕು. ತಮ್ಮ ಉತ್ತರ ನಿರೀಕ್ಷಿಸುತ್ತೇವೆ."

ಇದನ್ನೇ ನಕಲು ಮಾಡಬೇಡಿ. ಎರಡನೇ ಸಾಲು ನಿಮ್ಮದೇ ಆಗಿರಲಿ. ಒಂದೇ ಅಚ್ಚಿನ ನೂರು ಕಾಗದ ಬಂದರೆ ಅದನ್ನು ಒಂದು ಎಂದೇ ಎಣಿಸುತ್ತಾರೆ. ಹತ್ತು ಮನೆಯ ಹತ್ತು ಬಗೆಯ ಕಾಗದ ಬಂದರೆ ಹತ್ತು. ಅಂಚೆಯಲ್ಲಿ ಕಳಿಸಿದರೆ ರಸೀದಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಹೋಗಿದೆ, ಸ್ಪೀಡ್ ಪೋಸ್ಟ್ ಎಂದೇ ಕೇಳಿ. ಈಮೇಲ್ ಇರುವವರು ಸಂಸತ್ತಿನ ಜಾಲತಾಣದಲ್ಲಿ ಸಂಸದರ ಹೆಸರು ಹುಡುಕಿದರೆ ವಿಳಾಸ ಸಿಗುತ್ತದೆ. ತಿಂಗಳು ಕಳೆದರೂ ಉತ್ತರ ಇಲ್ಲದಿದ್ದರೆ ರಸೀದಿಯ ಸಂಖ್ಯೆ ಬರೆದು ಇನ್ನೊಂದು ಕಾಗದ. ಗ್ರಾಮಸಭೆಯಲ್ಲಿ ಇದೇ ವಿಷಯಕ್ಕೆ ನಿರ್ಣಯ ಮಾಡಿಸಿದರೆ ಇನ್ನೂ ಒಳ್ಳೆಯದು. ಪಂಚಾಯತಿಯ ಮೊಹರು ಇರುವ ನಿರ್ಣಯಕ್ಕೆ ದಿಲ್ಲಿಯಲ್ಲೂ ಒಂದು ಗೌರವ ಇದೆ.

ಎದುರು ಮಾತುಗಳು

ಆನೆ ತೋಟಕ್ಕೆ ನುಗ್ಗುತ್ತದೆ, ಅಡಿಕೆಗೆ ಎಲೆಚುಕ್ಕಿ ರೋಗ, ಇದರ ನಡುವೆ ರೇಡಿಯೋ ಚಿಂತೆಯಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಒಂದು ಕಾಗದ ಬರೆದರೆ ಇನ್ನೊಂದು ಬರೆಯಬಾರದು ಎಂದೇನೂ ಇಲ್ಲ. ಎಲೆಚುಕ್ಕಿಗೆ ಯಾವ ಮದ್ದು ಎಂದು ವಿಜ್ಞಾನಿಯೊಬ್ಬರು ಹೇಳುವುದನ್ನು ಸಮಾಧಾನದಿಂದ ಕೇಳಲು, ಆನೆ ಯಾವ ಕಡೆ ಹೊರಟಿದೆ ಎಂದು ಕತ್ತಲಾಗುವ ಮೊದಲೇ ತಿಳಿಯಲು ಊರಿನ ಮಟ್ಟದ ರೇಡಿಯೋಗಿಂತ ಸುಲಭದ ದಾರಿ ಯಾವುದುಂಟು? ವಾಟ್ಸ್ಆ್ಯಪಿನಲ್ಲಿ ಹಳೆಯ ಆನೆಯ ವಿಡಿಯೋ ಹೊಸದೆಂದು ಓಡಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ರೇಡಿಯೋದಲ್ಲಿ ಮಾತಾಡುವವನಿಗೆ ಹೆಸರು ಇರುತ್ತದೆ, ಸುಳ್ಳು ಹೇಳಿದರೆ ನಾಳೆ ಪೇಟೆಯಲ್ಲಿ ಮುಖ ತೋರಿಸಬೇಕು.

ಕಲಾವಿದರ ಹೊಟ್ಟೆಗೆ ಹೊಡೆಯುವುದಾ ಎಂಬುದು ಇನ್ನೊಂದು ಪ್ರಶ್ನೆ. ಇದು ಇನ್ನೂ ನ್ಯಾಯವಾದದ್ದು. ಭಾಗವತರು, ಅರ್ಥಧಾರಿಗಳು, ಹಾಡುಗಾರರು ನಮ್ಮ ನಡುವಿನವರೇ. ಅವರಿಗೆ ಸಿಗಬೇಕಾದದ್ದು ಸಿಗಲೇಬೇಕು. ಬಿಟ್ಟಿ ಹಾಡು ಕೊಡಿ ಎಂದು ನಾವು ಕೇಳುತ್ತಿಲ್ಲ. ಹೊರಬಲ್ಲ ದರ ಹೇಳಿ, ಕಟ್ಟುತ್ತೇವೆ ಎನ್ನುತ್ತಿದ್ದೇವೆ. ಈಗಿನ ಸ್ಥಿತಿಯಲ್ಲಿ ಸಣ್ಣ ಕೇಂದ್ರ ಮುಚ್ಚುತ್ತದೆ, ಕಲಾವಿದರಿಗೆ ಸಿಗುವುದು ಸೊನ್ನೆ. ನಿಗದಿಯಾದ ಸಣ್ಣ ದರ ಇದ್ದರೆ ಸ್ವಲ್ಪವಾದರೂ ಸಿಗುತ್ತದೆ, ಅವರ ಧ್ವನಿಯೂ ನಾಲ್ಕು ಮನೆಗೆ ಮುಟ್ಟುತ್ತದೆ.

ಈ ಕಾಲದಲ್ಲಿ ರೇಡಿಯೋ ಯಾರು ಕೇಳುತ್ತಾರೆ ಎಂಬುದು ಮೂರನೆಯದು. ಅದಕ್ಕೆ ಉತ್ತರ ನಮ್ಮ ಬಳಿ ಇಲ್ಲ, ನಿಮ್ಮ ಮನೆಯಲ್ಲೇ ಉಂಟು. ನಾಳೆ ಬೆಳಗ್ಗೆ ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ತೋಟದಲ್ಲಿ ಯಾರ ಫೋನಿನಿಂದ ಏನು ಕೇಳಿಸುತ್ತದೆ ಎಂದು ಒಮ್ಮೆ ಕಿವಿಗೊಡಿ.

ನೆರೆಮನೆಯ ಅಜ್ಜನಿಗೆ ಇದನ್ನೆಲ್ಲ ಹೇಳಿದೆವು. 31ಡಿ ಅವರಿಗೆ ಬೇಡವಾಯಿತು. ಕಾಗದ ಎಂದ ಕೂಡಲೇ ಕನ್ನಡಕ ಹುಡುಕಿದರು. ಹಿಂದೆ ರೇಡಿಯೋ ಇಡಲು ಅಂಚೆ ಕಚೇರಿಯಲ್ಲಿ ಲೈಸನ್ಸ್ ಹಣ ಕಟ್ಟಬೇಕಿತ್ತು, ಆ ಪುಸ್ತಕ ಈಗಲೂ ಪೆಟ್ಟಿಗೆಯಲ್ಲಿ ಉಂಟು ಎಂದು ತೆಗೆದು ತೋರಿಸಿದರು. "ಕೇಳುವುದಕ್ಕೆ ಹಣ ಕಟ್ಟಿದವರು ನಾವು, ಒಂದು ಮಾತು ಹೇಳುವ ಅಧಿಕಾರ ನಮಗೆ ಇಲ್ವಾ?" ಎಂದರು. ಅಜ್ಜ ಹೇಳಿದಂತೆ ನಾವು ಬರೆದೆವು, ಕೊನೆಗೆ ಅವರೇ ಸಹಿ ಹಾಕಿದರು. ಆ ಕಾಗದ ನಾಳೆ ಸುಳ್ಯದ ಅಂಚೆ ಕಚೇರಿಗೆ ಹೋಗುತ್ತದೆ. ಅದರ ಜತೆಗೆ ನಿಮ್ಮದೂ ಹೋಗಲಿ.